ದೀಪ ಆರಿತು, ಬಡಿತ ಉಳಿಯಿತು

ಕಳೆದ ಬೇಸಗೆಯ ಒಂದು ನಡುಮಧ್ಯಾಹ್ನ ಮಂಗಳೂರಿನ ಮಗಳ ಮನೆಯಿಂದ ಹಾಸನಕ್ಕೆ ಹಿಂದಿರುಗುತ್ತಿದ್ದೆವು. ಗುಂಡ್ಯವನ್ನು ದಾಟಿ ಶಿರಾಡಿ ಘಾಟಿಯ ಏರು ಆರಂಭವಾಗಿ ಸ್ವಲ್ಪ ಹೊತ್ತಾಗಿತ್ತು. ಕಾರಿನಲ್ಲಿ ಐದು ಜನ. ಹಿಂಬದಿಯಲ್ಲಿ ಎರಡು ಹಲಸಿನ ಹಣ್ಣು, ಒಂದು ಮೂಟೆ ತೆಂಗಿನಕಾಯಿ. ಒಂದು ತಿರುವಿನಲ್ಲಿ ಆಕ್ಸಿಲರೇಟರನ್ನು ಒತ್ತಿದಾಗ ಎಂಜಿನ್ನಿನಿಂದ ಒಂದು ಸದ್ದು ಹೊರಟಿತು. ಹಿತ್ತಾಳೆಯ ಚೊಂಬಿನಲ್ಲಿ ಒಂದು ಹಿಡಿ ಹುರುಳಿಯನ್ನು ಹಾಕಿ ಅಲುಗಿಸಿದಂತಹ ಸದ್ದು. ಕಾಲು ಸಡಿಲಿಸಿದರೆ ನಿಲ್ಲುತ್ತಿತ್ತು. ಒತ್ತಿದರೆ ಮತ್ತೆ ಆರಂಭ. "ಏನ್ರೀ ಅದು, ಚಕ್ರಕ್ಕೆ ಕಲ್ಲು ಸಿಕ್ಕಿಕೊಂಡಿದೆಯಾ?" ಎಂದು ನನ್ನಾಕೆ ಕೇಳಿದಳು. ಕಲ್ಲಲ್ಲವೆಂದು ನನಗೆ ತಿಳಿದಿತ್ತು.

ಮೂವತ್ತು ನಲವತ್ತು ವರ್ಷಗಳ ಹಿಂದೆ ಅಂಬಾಸಡರ್, ಪದ್ಮಿನಿ ಕಾರುಗಳಲ್ಲಿ ಘಾಟಿ ಹತ್ತಿದವರಿಗೆಲ್ಲ ಆ ಸದ್ದು ಪರಿಚಿತವೇ. ಗ್ಯಾರೇಜಿನವರು ಅದನ್ನು 'ನಾಕಿಂಗ್' ಎನ್ನುತ್ತಿದ್ದರು. ಡಿಸ್ಟ್ರಿಬ್ಯೂಟರನ್ನು ಸಡಿಲಿಸಿ, ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಬಿಗಿದು ಕಳುಹಿಸುತ್ತಿದ್ದರು. ಕಂಪ್ಯೂಟರ್ ಇರುವ ಕಾರುಗಳು ಬಂದ ಮೇಲೆ ನಾನು ಅದನ್ನು ಮರೆತೇಬಿಟ್ಟಿದ್ದೆ. ಈಗ ಹನ್ನೆರಡು ವರ್ಷ ವಯಸ್ಸಿನ ನಮ್ಮ ಕಾರಿನಲ್ಲಿ ಅದು ಎಲ್ಲಿಂದ ಬಂತು? ಸದ್ದು ಬಂದರೂ ಮುಂದಿನ ಫಲಕದಲ್ಲಿ ಎಂಜಿನ್ ದೀಪ ಏಕೆ ಹೊತ್ತಿಕೊಳ್ಳಲಿಲ್ಲ? ಎರಡು ತಿಂಗಳ ಹಿಂದೆ ಇದೇ ದೀಪ ಎಡೆಬಿಡದೆ ಉರಿಯುತ್ತಿದ್ದ ದಿನಗಳಲ್ಲಿ ಕಾರು ಮಂದವಾಗಿತ್ತೇ ಹೊರತು ಒಮ್ಮೆಯೂ ಹೀಗೆ ಸದ್ದು ಮಾಡಿರಲಿಲ್ಲ. ದೀಪವಿದ್ದಾಗ ಸದ್ದಿಲ್ಲ, ದೀಪ ಆರಿದ ಮೇಲೆ ಸದ್ದು! ಎರಡನೆಯ ಗೇರಿನಲ್ಲಿ ಮೆಲ್ಲಗೆ ಸಕಲೇಶಪುರವನ್ನು ಮುಟ್ಟುವವರೆಗೂ ಈ ಒಗಟನ್ನೇ ತಲೆಯಲ್ಲಿ ಮಗುಚಿ ಹಾಕುತ್ತಿದ್ದೆ.

ನಮ್ಮ ಕಾರನ್ನು ನೋಡಿಕೊಳ್ಳುವವನು ನನ್ನ ಹಳೆಯ ವಿದ್ಯಾರ್ಥಿ. ಹೆಸರು ಬರೆಯುವುದಿಲ್ಲ. ಅವನ ಜೊತೆ ಓದಿದ ನಿಮ್ಮಲ್ಲಿ ಕೆಲವರು ಊಹಿಸಿಯಾರು. ಊಹಿಸಿದವರು ಅವನನ್ನು ಛೇಡಿಸಬಾರದೆಂದು ಕೋರುತ್ತೇನೆ. ಬರೆಯುವ ಮೊದಲು ಅವನ ಒಪ್ಪಿಗೆಯನ್ನೂ ಕೇಳಿದ್ದೇನೆ. "ಬರೀರಿ ಸಾರ್, ನಾನೊಬ್ಬನೇ ಮಾಡೋ ಕೆಲಸ ಅಲ್ಲ ಇದು" ಎಂದು ನಕ್ಕ.

ಫೆಬ್ರವರಿಯಲ್ಲಿ ದೀಪ ಹೊತ್ತಿಕೊಂಡಾಗ ಅವನು ಸ್ಕ್ಯಾನರನ್ನು ಜೋಡಿಸಿ ನೋಡಿದ್ದ. ಪಿ 0325 ಎಂಬ ಸಂಕೇತ ಬಂದಿತ್ತು. ನಾಕ್ ಸೆನ್ಸರಿನ ವಿದ್ಯುನ್ಮಂಡಲದಲ್ಲಿ ದೋಷವಿದೆ ಎಂಬುದು ಅದರ ಅರ್ಥ. ಮಂಡಲದಲ್ಲಿ ಎಂಬ ಮಾತನ್ನು ದಯವಿಟ್ಟು ಗಮನಿಸಿರಿ. ಸೆನ್ಸರೇ ಕೆಟ್ಟಿದೆಯೆಂದು ಆ ಸಂಕೇತ ಹೇಳುವುದಿಲ್ಲ. ಸೆನ್ಸರು, ಅದರ ತಂತಿ, ತಂತಿಯ ಕೊಂಡಿ, ಕಂಪ್ಯೂಟರಿನ ಒಳಭಾಗ ಇವುಗಳಲ್ಲಿ ಎಲ್ಲಿಯೋ ತೊಡಕಿದೆ ಎಂದಷ್ಟೇ ಹೇಳುತ್ತದೆ. ಅವನು ಬಿಡಿಭಾಗದ ಅಂಗಡಿಯಿಂದ ಅಗ್ಗದ ಸೆನ್ಸರೊಂದನ್ನು ತಂದು ಹಾಕಿದ. ಮೂರನೆಯ ದಿನ ದೀಪ ಮತ್ತೆ ಹೊತ್ತಿಕೊಂಡಿತು. "ಇದನ್ನು ಹೇಗಾದರೂ ಆರಿಸಪ್ಪ, ನೋಡಿದಾಗಲೆಲ್ಲ ಎದೆ ಝಲ್ಲೆನ್ನುತ್ತದೆ" ಎಂದೆ. ಮರುದಿನ ಸಂಜೆ ಅವನು ಕಾರನ್ನು ಮನೆಗೆ ತಂದು ನಿಲ್ಲಿಸಿ, "ಸಾರ್, ದೀಪ ಹೋಯ್ತು ನೋಡಿ" ಎಂದ. ಹೇಗೆ ಹೋಯಿತೆಂದು ನಾನು ಕೇಳಲಿಲ್ಲ. ಕಾರು ಹಿಂದಿನಂತೆ ಚುರುಕಾಗಿ ಓಡುತ್ತಿತ್ತು. ಅವನ ಕೈಗುಣವನ್ನು ಅಕ್ಕಪಕ್ಕದ ಇಬ್ಬರಿಗೆ ಹೇಳಿ ಹೊಗಳಿದ್ದೂ ಉಂಟು.

ಘಾಟಿಯಿಂದ ಬಂದ ಮಾರನೆಯ ದಿನ ಗ್ಯಾರೇಜಿಗೆ ಹೋಗಿ ಸದ್ದಿನ ಸಂಗತಿಯನ್ನು ತಿಳಿಸಿದೆ. ಅವನ ಮುಖ ಸಪ್ಪಗಾಯಿತು. ಏನನ್ನೂ ಹೇಳದೆ ಕಂಪ್ಯೂಟರಿಗೆ ಹೋಗುವ ತಂತಿಗಳ ಕಟ್ಟನ್ನು ಬಿಡಿಸಿ, ಒಂದೆಡೆ ಸುತ್ತಿದ್ದ ಕಪ್ಪು ಟೇಪನ್ನು ಬಿಚ್ಚಿ ತೋರಿಸಿದ. ಎರಡು ತಂತಿಗಳ ನಡುವೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ರೆಸಿಸ್ಟರು. ಕನ್ನಡಕವನ್ನು ಮೇಲೇರಿಸಿ ನೋಡಿದೆ: ಕೆಂಪು, ಕೆಂಪು, ಹಳದಿ. ಎಂದರೆ 2,20,000 ಓಮ್. ಶಾಲೆಯ ವಿಜ್ಞಾನ ಸಂಘದಲ್ಲಿ ಹಳೆಯ ರೇಡಿಯೊವೊಂದನ್ನು ಬಿಚ್ಚಿ, ಆ ಬಣ್ಣದ ಪಟ್ಟಿಗಳನ್ನು ಓದುವ ಕ್ರಮವನ್ನು ಅವನಿಗೆ ಕಲಿಸಿದವನು ನಾನೇ.

ಈ ರೆಸಿಸ್ಟರಿನ ಉಪಾಯ ನಮ್ಮ ಊರಿನ ಆವಿಷ್ಕಾರವಲ್ಲ. ಅಮೆರಿಕದಲ್ಲಿ ಹಳೆಯ ಕಾರುಗಳನ್ನು ತಾವೇ ರಿಪೇರಿ ಮಾಡಿಕೊಳ್ಳುವವರು ದಶಕಗಳಿಂದ ಇದನ್ನು ಬಲ್ಲರು. ಇದರಿಂದ ಕೆಡುವುದೇನು ಎಂಬುದನ್ನು ವಿವರಿಸಬೇಕಾದರೆ ಸ್ವಲ್ಪ ಪಾಠ ಮಾಡಲೇಬೇಕು. ಹಳೆಯ ವಿದ್ಯಾರ್ಥಿಗಳು ಸಹಿಸಿಕೊಳ್ಳುವರೆಂದು ನಂಬಿದ್ದೇನೆ.

ಸಿಲಿಂಡರಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಸ್ಫೋಟಿಸುತ್ತದೆ ಎಂದು ನಾವು ತರಗತಿಯಲ್ಲಿ ಸಡಿಲವಾಗಿ ಹೇಳಿಬಿಡುತ್ತೇವೆ. ಅದು ಸರಿಯಲ್ಲ. ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಜ್ವಾಲೆ ಗದ್ದೆಯ ಕೂಳೆಗೆ ಹಚ್ಚಿದ ಬೆಂಕಿಯಂತೆ ಒಂದು ಬದಿಯಿಂದ ಹರಡುತ್ತಾ ಹೋಗುತ್ತದೆ. ಹರಡಲು ಅದಕ್ಕೆ ಸಮಯ ಬೇಕು. ಎರಡು ಮಿಲಿಸೆಕೆಂಡು ಬೇಕೆಂದಿಟ್ಟುಕೊಳ್ಳಿ. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಅಷ್ಟರೊಳಗೆ ಕ್ರ್ಯಾಂಕ್ ಶಾಫ್ಟ್ 36 ಡಿಗ್ರಿ ತಿರುಗಿರುತ್ತದೆ. ಆದ್ದರಿಂದ ಪಿಸ್ಟನ್ ಮೇಲಕ್ಕೆ ತಲುಪುವ ಮೊದಲೇ ಕಿಡಿ ಹಾರಿಸಬೇಕು. ಹಾಗಾದರೆ ಮಾತ್ರ ಪಿಸ್ಟನ್ ಕೆಳಗಿಳಿಯಲು ತೊಡಗುವ ಹೊತ್ತಿಗೆ ಒತ್ತಡ ಪೂರ್ಣವಾಗಿ ಒದಗುತ್ತದೆ. ಇದನ್ನೇ ಟೈಮಿಂಗ್ ಎನ್ನುವುದು. ಒಂದು ಮಿತಿಯವರೆಗೆ ಕಿಡಿಯನ್ನು ಬೇಗ ಹಾರಿಸಿದಷ್ಟೂ ಶಕ್ತಿ ಹೆಚ್ಚು, ಮೈಲೇಜೂ ಹೆಚ್ಚು.

ಮಿತಿ ಮೀರಿದರೆ ಏನಾಗುತ್ತದೆಂದರೆ, ಜ್ವಾಲೆ ಇನ್ನೂ ತಲುಪದಿರುವ ಮೂಲೆಯ ಮಿಶ್ರಣವು ಒತ್ತಡಕ್ಕೂ ಬಿಸಿಗೂ ಸಿಕ್ಕಿ ಕಿಡಿಯ ಹಂಗಿಲ್ಲದೆ ತಾನಾಗಿಯೇ ಒಮ್ಮೆಗೇ ಉರಿದುಬಿಡುತ್ತದೆ. ಇದು ನಿಜವಾಗಿಯೂ ಸ್ಫೋಟ. ಅದರಿಂದ ಎದ್ದ ಒತ್ತಡದ ಅಲೆಗಳು ಸಿಲಿಂಡರಿನ ಗೋಡೆಯಿಂದ ಗೋಡೆಗೆ ಬಡಿಯುತ್ತವೆ. ಸುಮಾರು ಎಂಟು ಸೆಂಟಿಮೀಟರ್ ವ್ಯಾಸದ ಸಿಲಿಂಡರಿನಲ್ಲಿ ಈ ಬಡಿತದ ಆವೃತ್ತಿ ಸೆಕೆಂಡಿಗೆ ಏಳು ಸಾವಿರದ ಆಸುಪಾಸು. ಶಿರಾಡಿಯಲ್ಲಿ ನಮಗೆ ಕೇಳಿಸಿದ ಹುರುಳಿಕಾಳಿನ ಸದ್ದು ಇದೇ. ಪಿಸ್ಟನ್ನಿನ ಮೇಲ್ಮೈಯನ್ನು ಅನಿಲದ ಒಂದು ತೆಳುವಾದ ತಂಪು ಪದರ ಸದಾ ಕಾಪಾಡುತ್ತಿರುತ್ತದೆ. ಈ ಅಲೆಗಳು ಅದನ್ನು ಹರಿದುಹಾಕುತ್ತವೆ. ಬಿಸಿ ನೇರವಾಗಿ ಲೋಹಕ್ಕೆ ತಗಲುತ್ತದೆ. ಒಂದೆರಡು ಬಾರಿ ಬಡಿದರೆ ಅಪಾಯವೇನಿಲ್ಲ. ಭಾರವಾದ ಏರಿನಲ್ಲಿ ಬಿಡದೆ ಬಡಿಯುತ್ತಿದ್ದರೆ ಪಿಸ್ಟನ್ನಿನ ಅಂಚು ಕೊರೆದುಹೋಗುತ್ತದೆ, ರಿಂಗುಗಳ ನಡುವಿನ ದಿಂಡು ಮುರಿಯುತ್ತದೆ.

ಈ ಬಡಿತವನ್ನು ಅಡಗಿಸಲು ಮನುಷ್ಯ ಮಾಡಿದ ಮೊದಲ ದೊಡ್ಡ ಉಪಾಯ ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸಿದ್ದು. 1921ರ ಡಿಸೆಂಬರಿನಲ್ಲಿ ಅಮೆರಿಕದ ಥಾಮಸ್ ಮಿಡ್ಗ್ಲಿ ಅದರ ಗುಣವನ್ನು ಕಂಡುಹಿಡಿದ. ಸದ್ದು ಅಡಗಿತು, ವಿಷ ಹರಡಿತು. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ಪೂರ್ತಿಯಾಗಿ ನಿಂತದ್ದು 2000ದ ಫೆಬ್ರವರಿಯಲ್ಲಿ. ಬಡಿತವನ್ನು ಕಿವಿಗೊಟ್ಟು ಕೇಳಿ ಕಿಡಿಯನ್ನೇ ಹೊಂದಿಸುವ ಮತ್ತೊಂದು ದಾರಿ 1978ರಲ್ಲಿ ಬ್ಯೂಕ್ ಕಂಪನಿಯ ಟರ್ಬೊ ಎಂಜಿನ್ನುಗಳಲ್ಲಿ ಕಾಣಿಸಿಕೊಂಡಿತು. ಸ್ವೀಡನ್ನಿನ ಸಾಬ್ ಕಂಪನಿ 1980ರ ದಶಕದ ಆರಂಭದಲ್ಲಿ ಅದೇ ಬಗೆಯ ಕಿವಿಯನ್ನು ಬಳಸಿ ಟರ್ಬೊದ ಒತ್ತಡವನ್ನು ನಿಯಂತ್ರಿಸಿತು. ಇಂದು ಸಾಧಾರಣ ಪೆಟ್ರೋಲ್ ಕಾರುಗಳಲ್ಲಿಯೂ ಆ ಕಿವಿಯಿದೆ.

ಆ ಕಿವಿಯ ರಚನೆ ಬಹಳ ಸರಳ. ನಮ್ಮ ಅಡುಗೆಮನೆಯ ಗ್ಯಾಸ್ ಲೈಟರಿನಲ್ಲಿ ಒತ್ತಿದೊಡನೆ ಕಿಡಿ ಹಾರುವುದು ಒಳಗಿನ ಹರಳಿನ ಮೇಲೆ ಪೆಟ್ಟು ಬೀಳುವುದರಿಂದ. ಒತ್ತಿದರೆ ವಿದ್ಯುತ್ತನ್ನು ಕೊಡುವ ಹರಳಿನ ಈ ಗುಣವನ್ನು ಕ್ಯೂರಿ ಸಹೋದರರು 1880ರಲ್ಲಿ ತೋರಿಸಿಕೊಟ್ಟರು. ನಾಕ್ ಸೆನ್ಸರಿನಲ್ಲಿರುವುದೂ ಅದೇ ಜಾತಿಯ ಒಂದು ಬಿಲ್ಲೆ. ಅದನ್ನು ಎಂಜಿನ್ ಬ್ಲಾಕಿಗೆ ಬೋಲ್ಟಿನಿಂದ ಬಿಗಿದಿರುತ್ತಾರೆ. ಬ್ಲಾಕು ನಡುಗಿದಂತೆಲ್ಲ ಅದು ಅತಿ ಸಣ್ಣ ವೋಲ್ಟೇಜನ್ನು ಕಳುಹಿಸುತ್ತದೆ.

ಸೊಗಸಿರುವುದು ಕಂಪ್ಯೂಟರು ಕೇಳಿಸಿಕೊಳ್ಳುವ ಬಗೆಯಲ್ಲಿ. ಎಂಜಿನ್ನೆಂದರೆ ಸಂತೆಯಂತಹ ಗದ್ದಲ. ವಾಲ್ವುಗಳು, ಇಂಜೆಕ್ಟರುಗಳು, ಚೈನು ಎಲ್ಲವೂ ಸದ್ದು ಮಾಡುತ್ತಿರುತ್ತವೆ. ಕಂಪ್ಯೂಟರು ಎಲ್ಲವನ್ನೂ ಕೇಳುವುದಿಲ್ಲ. ಒಂದೊಂದು ಸಿಲಿಂಡರಿನಲ್ಲಿ ಕಿಡಿ ಹಾರಿದ ಮೇಲೆ, ಬಡಿತ ಬರುವುದಾದರೆ ಯಾವಾಗ ಬರಬೇಕೋ ಆ ಕೆಲವು ಡಿಗ್ರಿಗಳಷ್ಟು ಅವಧಿಯಲ್ಲಿ ಮಾತ್ರ ಕಿವಿ ತೆರೆಯುತ್ತದೆ. ಅದರಲ್ಲಿಯೂ ಬಡಿತದ ಆವೃತ್ತಿಯ ಸುತ್ತಮುತ್ತಲಿನ ಸದ್ದನ್ನಷ್ಟೇ ಸೋಸಿ ತೆಗೆದುಕೊಂಡು, ಆ ಸಿಲಿಂಡರಿನ ಎಂದಿನ ಸದ್ದಿನೊಡನೆ ಹೋಲಿಸುತ್ತದೆ. ಎಂದಿಗಿಂತ ಬಹಳ ಹೆಚ್ಚಾಗಿದ್ದರೆ ಆ ಸಿಲಿಂಡರಿನ ಕಿಡಿಯನ್ನು ಒಮ್ಮೆಗೇ ಎರಡು ಮೂರು ಡಿಗ್ರಿಯಷ್ಟು ತಡಮಾಡುತ್ತದೆ. ಬಡಿತ ನಿಂತ ಮೇಲೆ ಒಮ್ಮೆಗೇ ಮರಳುವುದಿಲ್ಲ. ಇರುವೆಯ ಹೆಜ್ಜೆಯಿಟ್ಟು ಮೊದಲಿದ್ದೆಡೆಗೆ ಹೋಗುತ್ತದೆ. ಯಾವ ಬಂಕಿನಲ್ಲಿ ಎಂತಹ ಪೆಟ್ರೋಲ್ ಹಾಕಿಸಿದಿರೆಂದು ಅದಕ್ಕೆ ಯಾರೂ ಹೇಳಬೇಕಾಗಿಲ್ಲ. ಹಲವು ಕಾರುಗಳಲ್ಲಿ ಹೀಗೆ ಕಲಿತದ್ದನ್ನು ನೆನಪಿನಲ್ಲಿ ಇಟ್ಟುಕೊಳ್ಳುವ ಏರ್ಪಾಡೂ ಉಂಟು.

ಇಂತಹ ಕಿವಿ ಇದೆಯೆಂಬ ಧೈರ್ಯದಿಂದಲೇ ತಯಾರಕರು ಟೈಮಿಂಗನ್ನು ಬಡಿತದ ಅಂಚಿನವರೆಗೆ ಒಯ್ದಿರುತ್ತಾರೆ. ನಾಕ್ ಸೆನ್ಸರನ್ನು ಕೇವಲ ಅಪಾಯದ ಗಂಟೆಯೆಂದು ತಿಳಿಯುವುದು ತಪ್ಪು. ಎಂಜಿನ್ನಿನ ಶಕ್ತಿಯ ಒಂದು ಪಾಲು ಅದರ ಭರವಸೆಯ ಮೇಲೆಯೇ ನಿಂತಿದೆ.

ಈಗ ಸೆನ್ಸರಿನ ತಂತಿ ಕಳಚಿತೆನ್ನಿ. ಕಂಪ್ಯೂಟರಿಗೆ ಬಡಿತದ ಸದ್ದು ಬರುತ್ತಿಲ್ಲ. ಸದ್ದಿಲ್ಲ ಎಂದ ಮೇಲೆ ಬಡಿತವೂ ಇಲ್ಲ ಎಂದು ಅದು ತೀರ್ಮಾನಿಸಬಹುದಾಗಿತ್ತು. ನಮ್ಮಲ್ಲಿ ಎಷ್ಟೋ ಮಂದಿ ಅಧಿಕಾರಿಗಳು ಅಷ್ಟನ್ನೇ ಮಾಡುತ್ತಾರೆ. ದೂರಿನ ಅರ್ಜಿ ಬಂದಿಲ್ಲವಾದ್ದರಿಂದ ಊರಿನಲ್ಲಿ ನೀರಿನ ತೊಂದರೆಯಿಲ್ಲ ಎಂದು ಬರೆದುಕೊಳ್ಳುತ್ತಾರೆ. ಕಂಪ್ಯೂಟರನ್ನು ರೂಪಿಸಿದ ಎಂಜಿನಿಯರುಗಳು ಆ ತಪ್ಪನ್ನು ಮಾಡಲಿಲ್ಲ. ಬಡಿತವಿಲ್ಲದಿರುವುದು ಬೇರೆ, ಬಡಿತ ಕೇಳಿಸದಿರುವುದು ಬೇರೆ ಎಂಬುದನ್ನು ಅರಿಯುವ ವ್ಯವಸ್ಥೆಯನ್ನು ಅವರು ಇಟ್ಟಿದ್ದಾರೆ. ಉದಾಹರಣೆಗೆ, ಟೊಯೊಟಾದ ಹಲವು ಎಂಜಿನ್ನುಗಳಲ್ಲಿ ಸೆನ್ಸರಿನ ಒಳಗೇ ಒಂದು ರೆಸಿಸ್ಟರ್ ಇರುತ್ತದೆ. ಕಂಪ್ಯೂಟರು ಆ ತಂತಿಗೆ ತನ್ನ ಕಡೆಯಿಂದ ಐದು ವೋಲ್ಟನ್ನು ಕೊಟ್ಟು, ಅಲ್ಲಿ ಎಷ್ಟು ಉಳಿಯಿತೆಂದು ನೋಡುತ್ತಿರುತ್ತದೆ. ಅದು ಅರ್ಧ ವೋಲ್ಟಿಗಿಂತ ಕೆಳಗಿಳಿದರೆ ತಂತಿ ಎಲ್ಲಿಯೋ ತಗಲಿಕೊಂಡಿದೆ. ನಾಲ್ಕೂವರೆ ವೋಲ್ಟನ್ನು ಮೀರಿದರೆ ತಂತಿ ತುಂಡಾಗಿದೆ. ಇನ್ನು ಕೆಲವು ಕಾರುಗಳ ಪರೀಕ್ಷೆ ಇದಕ್ಕಿಂತ ಜಾಣತನದ್ದು. ಎಂಜಿನ್ನಿನ ವೇಗ ಏರಿದಂತೆ ಅದರ ಸಾಮಾನ್ಯ ಗದ್ದಲವೂ ಏರಬೇಕಷ್ಟೆ. ಸೆನ್ಸರಿನಿಂದ ಬರುವ ಸದ್ದು ಏರದಿದ್ದರೆ ಸೆನ್ಸರು ಸತ್ತಿದೆಯೆಂದು ತಿಳಿಯುತ್ತದೆ. ಜನರಲ್ ಮೋಟರ್ಸಿನ 1980ರ ದಶಕದ ಕೊನೆಯ ಕೆಲವು ಟ್ರಕ್ಕುಗಳ ಕಂಪ್ಯೂಟರು ಬೇಕೆಂದೇ ಕಿಡಿಯನ್ನು ಮುಂದಕ್ಕೆ ತಂದು ಕ್ಷಣಕಾಲ ಬಡಿತವನ್ನು ಎಬ್ಬಿಸಿ, ಸೆನ್ಸರು ಅದನ್ನು ವರದಿ ಮಾಡುತ್ತದೆಯೇ ಎಂದು ಪರೀಕ್ಷಿಸುತ್ತಿತ್ತು. ಕೊನೆಯ ಬೆಂಚಿನ ಹುಡುಗ ಕೇಳಿಸಿಕೊಳ್ಳುತ್ತಿದ್ದಾನೆಯೋ ಇಲ್ಲವೋ ಎಂದು ತಿಳಿಯಲು ನಾನು ನಡುನಡುವೆ ಬೋರ್ಡಿನ ಮೇಲೆ ಬೇಕೆಂದೇ ತಪ್ಪು ಲೆಕ್ಕ ಬರೆಯುತ್ತಿದ್ದುದು ನಿಮಗೆ ನೆನಪಿರಬಹುದು.

ತನಗೆ ಕಿವಿ ಕೇಳಿಸುತ್ತಿಲ್ಲವೆಂದು ತಿಳಿದ ಕೂಡಲೇ ಕಂಪ್ಯೂಟರು ದೀಪವನ್ನು ಹೊತ್ತಿಸುತ್ತದೆ ಮತ್ತು ಎಲ್ಲ ಸಿಲಿಂಡರುಗಳ ಕಿಡಿಯನ್ನೂ ಸುರಕ್ಷಿತವಾಗುವಷ್ಟು ತಡಮಾಡಿಬಿಡುತ್ತದೆ. ಎಷ್ಟು ಡಿಗ್ರಿಯೆಂಬುದು ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ. ತತ್ತ್ವ ಮಾತ್ರ ಒಂದೇ: ಕೇಳಿಸದಿರುವಾಗ ಬಡಿತ ಇದ್ದೀತೆಂದೇ ತಿಳಿದು ನಡೆಯುವುದು. ನಮ್ಮ ಅಜ್ಜನಿಗೆ ಕಣ್ಣು ಮಂಜಾದ ಮೇಲೆ ಅವರು ಗೋಡೆಯನ್ನು ತಡವುತ್ತಾ ನಡೆಯುತ್ತಿದ್ದರು. ಬಚ್ಚಲಿಗೆ ಹೋಗಿ ಬರಲು ಎರಡರಷ್ಟು ಸಮಯ ಹಿಡಿಯುತ್ತಿತ್ತು, ಆದರೆ ಒಮ್ಮೆಯೂ ಬೀಳಲಿಲ್ಲ. ಫೆಬ್ರವರಿಯಲ್ಲಿ ನಮ್ಮ ಕಾರು ಮಂದವಾದದ್ದು ಇದೇ ಕಾರಣದಿಂದ. ತಡವಾಗಿ ಹೊತ್ತಿದ ಮಿಶ್ರಣ ಪಿಸ್ಟನ್ನನ್ನು ತಳ್ಳುವ ಬದಲು ಹೊಗೆನಳಿಗೆಗೆ ಬಿಸಿಯನ್ನು ಸುರಿಯುತ್ತದೆ. ಶಕ್ತಿ ಇಳಿಯುತ್ತದೆ, ಪೆಟ್ರೋಲ್ ಹೆಚ್ಚು ಖರ್ಚಾಗುತ್ತದೆ. ಹಾಗೆಯೇ ವರ್ಷಗಟ್ಟಲೆ ಓಡಿಸುವುದೂ ಒಳ್ಳೆಯದಲ್ಲ. ಆದರೆ ರಿಪೇರಿ ಆಗುವವರೆಗೆ ಎಂಜಿನ್ ಕ್ಷೇಮವಾಗಿರುತ್ತದೆ.

ರೆಸಿಸ್ಟರು ಮಾಡಿದ್ದು ಈ ಎಚ್ಚರಿಕೆಯನ್ನು ಕಿತ್ತುಹಾಕುವ ಕೆಲಸ. ನಮ್ಮ ಕಾರಿನ ಕಂಪ್ಯೂಟರು ಮಂಡಲದ ವೋಲ್ಟೇಜನ್ನಷ್ಟೇ ನೋಡುವ ಬಗೆಯದು. 2,20,000 ಓಮ್ ಕಂಡೊಡನೆ ಸೆನ್ಸರು ಸ್ವಸ್ಥವಾಗಿ ಕುಳಿತಿದೆಯೆಂದು ಅದು ನಂಬಿತು. ದೀಪ ಆರಿತು. ತಡಮಾಡಿದ್ದ ಕಿಡಿ ಮತ್ತೆ ಬಡಿತದ ಅಂಚಿಗೆ ಬಂದಿತು. ಆದ್ದರಿಂದಲೇ ಕಾರು ಚುರುಕಾಯಿತು. ರೆಸಿಸ್ಟರಿಗೆ ನಡುಕ ತಿಳಿಯುವುದಿಲ್ಲ. ಎಂಜಿನ್ ಬಡಿದುಕೊಂಡರೂ ಅದು ಮೌನವಾಗಿರುತ್ತದೆ. ಆ ಮೌನವನ್ನು ಕಂಪ್ಯೂಟರು ಕ್ಷೇಮಸಮಾಚಾರವೆಂದು ಓದಿಕೊಳ್ಳುತ್ತದೆ. ಊರೊಳಗೆ ಮಾರುಕಟ್ಟೆಗೆ ಹೋಗಿ ಬರುವಷ್ಟರಲ್ಲಿ ಇದೊಂದೂ ಗೊತ್ತಾಗುವುದಿಲ್ಲ. ಬಿಸಿಲು, ಭಾರ, ಏರು ಈ ಮೂರೂ ಕೂಡಿದ ಶಿರಾಡಿಯಲ್ಲಿ ಗೊತ್ತಾಯಿತು. ಮೈಲೇಜ್ ಉಳಿಸುವ ಹುಚ್ಚಿನಿಂದ ಮೂರನೆಯ ಗೇರಿನಲ್ಲಿಯೇ ಏರನ್ನು ಎಳೆಸುತ್ತಿದ್ದುದು ನನ್ನ ಪಾಲಿನ ಕಾಣಿಕೆ.

ಕಳಚಿದ ಸೆನ್ಸರಿಗಿಂತ ಸುಳ್ಳು ಹೇಳುವ ಸೆನ್ಸರು ಹೆಚ್ಚು ಅಪಾಯಕಾರಿ ಎಂಬ ನನ್ನ ಅಭಿಪ್ರಾಯ ಇಲ್ಲಿಂದ ಹುಟ್ಟಿದ್ದು. ಈ ದೃಷ್ಟಿಯಿಂದ ನೋಡಿದರೆ, ರೆಸಿಸ್ಟರನ್ನು ಎಂದೂ ಮುಟ್ಟದ ಪ್ರಾಮಾಣಿಕ ಗ್ಯಾರೇಜುಗಳಲ್ಲಿಯೂ ಇದೇ ಅಪಾಯ ಬೇರೆ ವೇಷದಲ್ಲಿ ನಡೆಯುತ್ತಿರುತ್ತದೆ. ನಾಕ್ ಸೆನ್ಸರುಗಳಲ್ಲಿ ಎರಡು ಜಾತಿ: ಒಂದೇ ಆವೃತ್ತಿಗೆ ಅನುರಣಿಸುವುದು ಒಂದು, ವಿಶಾಲ ವ್ಯಾಪ್ತಿಯ ಸದ್ದನ್ನು ಸಮವಾಗಿ ಕಳುಹಿಸುವುದು ಇನ್ನೊಂದು. ಕೊಂಡಿ ಕೂಡುತ್ತದೆ ಎಂಬ ಮಾತ್ರಕ್ಕೆ ಒಂದರ ಬದಲು ಮತ್ತೊಂದು ಕೆಲಸಕ್ಕೆ ಬಾರದು. ಬಿಗಿಯುವ ಬಲವೂ ಮುಖ್ಯ. ನಡುವೆ ತೂತಿರುವ ಸಾಮಾನ್ಯ ಸೆನ್ಸರಿನ ಬೋಲ್ಟಿಗೆ ಸುಮಾರು 20 ನ್ಯೂಟನ್ ಮೀಟರ್ ಬಲ ಸಾಕು; ಕೈಯಂದಾಜಿನಿಂದ ಉಸಿರುಗಟ್ಟಿ ಬಿಗಿದರೂ ತಪ್ಪು, ಸಡಿಲ ಬಿಟ್ಟರೂ ತಪ್ಪು. ಕೆಳಗೆ ವಾಷರ್ ಹಾಕಬಾರದು. ತುಕ್ಕು, ಬಣ್ಣ ಇದ್ದರೆ ಕೆರೆದು ಲೋಹಕ್ಕೆ ಲೋಹ ಕೂಡುವಂತೆ ಮಾಡಬೇಕು. ಇಲ್ಲದಿದ್ದರೆ ಸೆನ್ಸರು ಅರೆಕಿವುಡಾಗುತ್ತದೆ, ಇಲ್ಲವೇ ವಾಲ್ವಿನ ಟಕಟಕವನ್ನೇ ಬಡಿತವೆಂದು ಚಾಡಿ ಹೇಳತೊಡಗುತ್ತದೆ. ಎರಡರಲ್ಲಿಯೂ ಮಂಡಲ ಸರಿಯಾಗಿಯೇ ಇರುವುದರಿಂದ ದೀಪ ಹೊತ್ತದಿರಬಹುದು. ಹೊಸದನ್ನು ಹಾಕಿಸಿದ ಮೇಲೂ ಕಾರು ಎಳೆಯುತ್ತಿಲ್ಲವೆಂದು ಗೊಣಗುವವರು ಇದನ್ನು ಒಮ್ಮೆ ನೋಡಿಸುವುದು ಒಳ್ಳೆಯದು.

ಪುಣೆಯಲ್ಲಿ ಎಂಜಿನಿಯರ್ ಆಗಿರುವ ನನ್ನ ತಂಗಿಯ ಮಗನೊಡನೆ ಫೋನಿನಲ್ಲಿ ಇದೇ ವಿಷಯಕ್ಕೆ ವಾದವಾಯಿತು. ಅವನ ಮಾತು ಹೀಗಿತ್ತು: "ಮಾವ, ಈಗ ಪೆಟ್ರೋಲಿಗೆ 20 ಶೇಕಡಾ ಎಥನಾಲ್ ಬೆರೆಸುತ್ತಾರೆ. ಎಥನಾಲಿನ ಆಕ್ಟೇನ್ ಸಂಖ್ಯೆ ನೂರಕ್ಕಿಂತ ಮೇಲೆ. ಬಡಿತಕ್ಕೆ ಅದೇ ಮದ್ದು. ನಿಮ್ಮ ಸೆನ್ಸರು ಇದ್ದರೆಷ್ಟು, ಬಿಟ್ಟರೆಷ್ಟು?" ಮೊದಲೆರಡು ಮಾತುಗಳನ್ನು ಒಪ್ಪುತ್ತೇನೆ. ಆ ಮಿಶ್ರಣವನ್ನು 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಿದರು, ಮತ್ತು ಎಥನಾಲ್ ಬಡಿತವನ್ನು ತಡೆಯುವುದು ನಿಜ. ಆದರೆ ಬಡಿತಕ್ಕೆ ಇಂಧನ ಒಂದೇ ಕಾರಣವಲ್ಲ. ಹನ್ನೆರಡು ವರ್ಷ ಓಡಿದ ಎಂಜಿನ್ನಿನ ಒಳಗೆ ಇಂಗಾಲದ ಕಿಟ್ಟ ಕಟ್ಟಿರುತ್ತದೆ. ಅದು ಜಾಗವನ್ನು ಕಿರಿದುಮಾಡಿ ಒತ್ತಡವನ್ನು ಹೆಚ್ಚಿಸುತ್ತದೆ, ಕೆಂಡದಂತೆ ಬಿಸಿಯನ್ನೂ ಹಿಡಿದಿಡುತ್ತದೆ. ಹೊರಗಿನ ಸೆಕೆ, ಕೂಲೆಂಟಿನ ಸ್ಥಿತಿ, ನನ್ನಂತಹವರ ಗೇರಿನ ಜಿಪುಣತನ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಶಿರಾಡಿಯ ದಿನ ಟ್ಯಾಂಕಿನಲ್ಲಿದ್ದುದು ಎಥನಾಲ್ ಬೆರೆತ ಪೆಟ್ರೋಲೇ. ಅಷ್ಟು ಹೇಳಿದ ಮೇಲೆ ಅವನು ಸುಮ್ಮನಾದ. ಒಪ್ಪಿದನೆಂದು ನಾನು ಭಾವಿಸಿಲ್ಲ.

ಇನ್ನು ತಪ್ಪು ಯಾರದೆಂಬ ಪ್ರಶ್ನೆ. ಮೊದಲು ನನ್ನ ಶಿಷ್ಯನ ಮೇಲೆ ಸಿಟ್ಟು ಬಂದದ್ದು ಸುಳ್ಳಲ್ಲ. ಕಾರಿನಲ್ಲಿ ಮೊಮ್ಮಕ್ಕಳಿದ್ದರು, ಏರಿನ ನಡುವೆ, ಹಿಂದೆ ಸಾಲುಗಟ್ಟಿದ ಟ್ಯಾಂಕರುಗಳ ಮುಂದೆ, ಎಂಜಿನ್ ಕೈಕೊಟ್ಟಿದ್ದರೆ ಏನಾಗುತ್ತಿತ್ತೆಂದು ಇಡೀ ರಾತ್ರಿ ಯೋಚಿಸಿದ್ದೆ. ಆದರೆ ಗ್ಯಾರೇಜಿನ ಸ್ಟೂಲಿನ ಮೇಲೆ ಕುಳಿತು ಅವನೊಡನೆ ಮಾತನಾಡಿದಂತೆ ಸಿಟ್ಟು ನನ್ನ ಕಡೆಗೇ ತಿರುಗಿತು. ನಾನು ಅವನಿಗೆ ಹೇಳಿದ್ದೇನು? ದೀಪವನ್ನು ಆರಿಸು ಎಂದು. ಅವನು ಅದನ್ನು ಚಾಚೂ ತಪ್ಪದೆ ಮಾಡಿದ್ದ. "ಸಾರ್, ಮ್ಯಾನಿಫೋಲ್ಡ್ ಬಿಚ್ಚಿ ತಂತಿ ಹುಡುಕಬೇಕು ಅಂದ್ರೆ ಒಂದು ದಿನದ ಕೆಲಸ. ಏನೂ ಸಿಗದೇ ಹೋದ್ರೆ ಆ ದಿನದ ಕೂಲಿ ಯಾರನ್ನ ಕೇಳಲಿ? ಹೊಸ ಪಾರ್ಟ್ ಹಾಕಿದೀನಿ ಅಂದ್ರೆ ದುಡ್ಡು ಕೊಡ್ತಾರೆ. ಹುಡುಕಿದೀನಿ ಅಂದ್ರೆ ಯಾರೂ ಕೊಡಲ್ಲ" ಎಂದ.

ಈ ಮಾತು ನನ್ನನ್ನು ಚುಚ್ಚಿತು. ಡಬ್ಬಿಯಲ್ಲಿ ಬಂದ ವಸ್ತುವಿಗೆ ನಾವು ಮುದ್ರಿತ ಬೆಲೆಯನ್ನು ಮರುಮಾತಿಲ್ಲದೆ ಕೊಡುತ್ತೇವೆ. ಕಾರಣವನ್ನು ಪತ್ತೆಹಚ್ಚುವ ಶ್ರಮಕ್ಕೆ ಬೆಲೆಯೇ ಇಲ್ಲ. ಅಲ್ಲಿ ಚೌಕಾಸಿ ಆರಂಭವಾಗುತ್ತದೆ. ಹಾಗಿರುವಾಗ ಗ್ಯಾರೇಜಿನವನು ವಸ್ತುಗಳನ್ನು ಬದಲಾಯಿಸುತ್ತಾ ಹೋಗುತ್ತಾನೆ. ಅದೂ ಫಲಿಸದಿದ್ದರೆ ದೀಪವನ್ನು ಆರಿಸುವ ಉಪಾಯ ಹುಡುಕುತ್ತಾನೆ. ಮೂವತ್ತು ವರ್ಷ ಪಾಠ ಹೇಳಿದ ನಾನು, ಉತ್ತರ ಸರಿಯಿದ್ದರೂ ಲೆಕ್ಕದ ಹಂತಗಳಿಲ್ಲದಿದ್ದರೆ ಅಂಕ ಕತ್ತರಿಸುತ್ತಿದ್ದವನು, ನನ್ನ ಕಾರಿನ ವಿಷಯದಲ್ಲಿ ಕೊನೆಯ ಸಾಲನ್ನಷ್ಟೇ ನೋಡಿ ಪೂರ್ಣ ಅಂಕ ಕೊಟ್ಟಿದ್ದೆ.

ತಯಾರಕರ ಮೇಲೂ ನನ್ನದೊಂದು ದೂರಿದೆ. ಇಷ್ಟೆಲ್ಲ ವಿವೇಚನೆಯುಳ್ಳ ಕಂಪ್ಯೂಟರು ಕಾರಿನ ಒಡೆಯನಿಗೆ ಮಾತ್ರ ಒಂದು ಹಳದಿ ದೀಪವನ್ನು ತೋರಿಸಿ ಸುಮ್ಮನಾಗುತ್ತದೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲವಾದರೂ ಅದೇ ದೀಪ ಹೊತ್ತಿಕೊಳ್ಳುವ ಕಾರುಗಳಿವೆ; ಎಂಜಿನ್ ಕಿವುಡಾದರೂ ಅದೇ ದೀಪ. 'ಬಡಿತ ಕೇಳಿಸುತ್ತಿಲ್ಲ, ಅದಕ್ಕಾಗಿ ಶಕ್ತಿಯನ್ನು ತಗ್ಗಿಸಿದ್ದೇನೆ, ಭಾರ ಹೇರಬೇಡಿ' ಎಂದು ಒಂದು ಸಾಲು ತೋರಿಸಲು ಇಂದಿನ ದೊಡ್ಡ ಪರದೆಗಳಲ್ಲಿ ಜಾಗವಿಲ್ಲವೇ? ಹಾಡಿನ ಹೆಸರನ್ನು, ಹಾಡಿದವರ ಚಿತ್ರವನ್ನು ತೋರಿಸಲು ಜಾಗವಿದೆ. ಕಾರಣ ತಿಳಿದಿದ್ದರೆ ನಾನು ದೀಪವನ್ನು ಆರಿಸೆಂದು ಕೇಳುತ್ತಿರಲಿಲ್ಲ.

ಆ ಶನಿವಾರ ಅವನೂ ನಾನೂ ಕೂಡಿ ಮ್ಯಾನಿಫೋಲ್ಡನ್ನು ಬಿಚ್ಚಿದೆವು. ಬಿಚ್ಚಿದ್ದು ಅವನು; ನಾನು ಟಾರ್ಚ್ ಹಿಡಿದಿದ್ದೆ. ಒಂದು ದಿನದ ಕೂಲಿಯನ್ನು ಬೆಳಿಗ್ಗೆಯೇ ಅವನ ಮೇಜಿನ ಮೇಲಿಟ್ಟಿದ್ದೆ, ಏನೂ ಸಿಗದಿದ್ದರೂ ಅದು ಅವನದೇ ಎಂಬ ಒಪ್ಪಂದದ ಮೇಲೆ. ಹನ್ನೊಂದರ ಹೊತ್ತಿಗೆ ಸಿಕ್ಕಿತು. ಸೆನ್ಸರಿನಿಂದ ಒಂದು ಗೇಣು ದೂರದಲ್ಲಿ ತಂತಿಯನ್ನು ಇಲಿ ಕಡಿದಿತ್ತು. ಪೂರ್ತಿ ತುಂಡಾಗಿರಲಿಲ್ಲ, ಒಂದೆರಡು ಎಳೆಗಳು ಎಂಜಿನ್ನಿನ ನಡುಕಕ್ಕೆ ಒಮ್ಮೆ ತಗಲುತ್ತಾ ಒಮ್ಮೆ ಬಿಡುತ್ತಾ ಇದ್ದವು. ಹೊಸ ಸೆನ್ಸರು ಮೂರು ದಿನ ನಡೆದದ್ದು ಆ ಎಳೆಗಳ ದಯೆಯಿಂದ. ಪಕ್ಕದಲ್ಲಿ ಅಡಕೆಯ ಸಿಪ್ಪೆ, ಹತ್ತಿ, ನನ್ನದೇ ಹಳೆಯ ಅಂಗವಸ್ತ್ರದ ಒಂದು ಚೂರು.

ಮೊದಲಿನ ಸೆನ್ಸರನ್ನು ಅವನು ಎಸೆದಿರಲಿಲ್ಲ. ಮೇಜಿನ ಕೆಳಗಿನ ಡಬ್ಬಿಯಿಂದ ತೆಗೆದು ಮೀಟರ್ ಹಿಡಿದ. ಪುಸ್ತಕದಲ್ಲಿದ್ದ ಮಿತಿಯೊಳಗೇ ಇತ್ತು. ಬೆರಳಿನಿಂದ ತಟ್ಟಿದಾಗ ಮುಳ್ಳು ಅಲುಗಿತು. ಕವಚವಿರುವ ಹೊಸ ತಂತಿಯನ್ನು ಎಳೆದು, ಬ್ಲಾಕಿನ ಮೇಲ್ಮೈಯನ್ನು ಒರೆಸಿ, ಅದನ್ನೇ ಮತ್ತೆ ಕೂರಿಸಿದೆವು. ಬಿಗಿಯಲು ಪಕ್ಕದ ಗ್ಯಾರೇಜಿನಿಂದ ಟಾರ್ಕ್ ರೆಂಚನ್ನು ಎರವಲು ತಂದಿದ್ದ. 'ಟಿಕ್' ಎಂದು ಅದು ಸದ್ದು ಮಾಡಿದಾಗ, "ಇಷ್ಟೇನಾ ಸಾರ್? ನಾನು ಇದರ ಎರಡರಷ್ಟು ಬಿಗೀತಿದ್ದೆ" ಎಂದ. ರೆಸಿಸ್ಟರನ್ನು ಕತ್ತರಿಸಿ ತೆಗೆದು ಸಂಕೇತವನ್ನು ಅಳಿಸಿದೆವು. ದೀಪ ಮತ್ತೆ ಹೊತ್ತಿಕೊಳ್ಳಲಿಲ್ಲ.

ಹದಿನೈದು ದಿನ ಬಿಟ್ಟು ಅವನನ್ನೂ ಕೂರಿಸಿಕೊಂಡು ಶಿರಾಡಿಯ ಅದೇ ತಿರುವಿಗೆ ಹೋಗಿಬಂದೆ. ಕಿಟಕಿಗಳನ್ನು ಇಳಿಸಿ, ರೇಡಿಯೊ ಆರಿಸಿ, ಇಬ್ಬರೂ ಮಾತಿಲ್ಲದೆ ಕಿವಿಗೊಟ್ಟೆವು. ಕೇಳಿಸಿದ್ದು ಲಾರಿಗಳ ಸದ್ದು ಮಾತ್ರ. ಆ ರೆಸಿಸ್ಟರು ಈಗ ನನ್ನ ಮೇಜಿನ ಮೇಲೆ, ಪೆನ್ನುಗಳನ್ನು ಇಡುವ ಲೋಟದಲ್ಲಿದೆ.